ನೀರು ಹೊಡೆದ ಪತ್ರಿಕೆ

ರಾಣೆಬೆನ್ನೂರಿನಲ್ಲಿ ನನ್ನ ಕಾಕಾ ಎದುರಾದರೆ ದಯವಿಟ್ಟು ನಮಸ್ಕಾರ ಮಾಡಬೇಡಿ. ಮಾಡಿದಿರೋ, 'ಇವನಿಗೆ ನನ್ನಿಂದ ಏನೋ ಆಗಬೇಕಾಗಿದೆ' ಎಂದು ಅನುಮಾನಿಸುತ್ತಾರೆ. ಮಾಡದೆ ಮುಂದೆ ಹೋದಿರೋ, 'ಇವನು ನನಗೇನೋ ಮಾಡಿದ್ದಾನೆ, ಅದಕ್ಕೇ ಮುಖ ತಪ್ಪಿಸುತ್ತಿದ್ದಾನೆ' ಎಂದು ಅನುಮಾನಿಸುತ್ತಾರೆ. ಹಾಗಾದರೆ ಏನು ಮಾಡಬೇಕು? ಬೇರೆ ಓಣಿ ಹಿಡಿಯಬೇಕು! ನಾನು ಅವರ ಸ್ವಂತ ಅಣ್ಣನ ಮಗ. ಹಾವೇರಿಯಿಂದ ಬಾಳೆಹಣ್ಣು ಒಯ್ದುಕೊಟ್ಟರೆ, "ಯಾಕ, ಹಾವೇರ್ಯಾಗ ಇವನ್ನ ಯಾರೂ ತಗೊಳ್ಳಲಿಲ್ಲೇನು?" ಎಂದು ಕೇಳಿಸಿಕೊಂಡವನು.

ಈ ಗುಣ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ, ಬ್ಯಾಡಗಿಯಿಂದ ಬಂದದ್ದು. ಅಲ್ಲಿನ ಒಂದು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನಲ್ಲಿ ಕಾಕಾ ಇಂಜಿನಿಯರ್ ಆಗಿದ್ದರು. ಯಂತ್ರ ನೋಡಿಕೊಳ್ಳುವುದು ಅವರ ಕೆಲಸ, ಒಳಗೆ ಬರುವ ಚೀಲಗಳನ್ನು ಪರೀಕ್ಷೆ ಮಾಡುವುದು ಅವರ ಚಟ. ತೂಕ ಹೆಚ್ಚು ಬರಲಿ ಎಂದು ಕಾಯಿಗೆ ನೀರು ಹೊಡೆದು ತರುವವರೂ ಇರುತ್ತಾರಲ್ಲ! ಕಾಕಾ ಒಂದು ಹಿಡಿ ಕಾಯಿ ತೆಗೆದು ಕಿವಿಯ ಹತ್ತಿರ ಹಿಚುಕುವರು. ಚೆನ್ನಾಗಿ ಒಣಗಿದ ಕಾಯಿ ಚರಚರ ಎನ್ನುತ್ತದೆ. ನೀರು ಕುಡಿದದ್ದು ತುಟಿ ಬಿಚ್ಚುವುದಿಲ್ಲ. "ನೀರು ಹೊಡದಾರ!" ಎಂದು ಕಾಕಾ ಕೂಗಿದರೆ ಮುಗಿಯಿತು, ಆ ಚೀಲ ಬಂದ ದಾರಿ ಹಿಡಿಯಬೇಕು.

ಕ್ರಮೇಣ ಲೋಕವೆಲ್ಲ ಅವರ ಕಿವಿಯ ಹತ್ತಿರ ಬರತೊಡಗಿತು. ಪೇಪರು, ಹಪ್ಪಳ, ಔಷಧದ ಚೀಟಿ, ಎಲ್ಲವನ್ನೂ ಹಿಚುಕಿ ನೋಡುವರು. ನನ್ನ ಲಗ್ನಪತ್ರಿಕೆಯನ್ನೂ ಹಿಚುಕಿ, "ಹೆಣ್ಣಿನ ಕಡ್ಯಾವ್ರು ಏನೋ ಮುಚ್ಚಿಟ್ಟಾರ" ಎಂದು ತುಂಬಿದ ಮನೆಯಲ್ಲಿ ಘೋಷಿಸಿದರು. ನನ್ನ ಹೆಂಡತಿ ಅದನ್ನು ಇನ್ನೂ ಮರೆತಿಲ್ಲ.

ಆಮೇಲೆ ಕೋಲ್ಡ್ ಸ್ಟೋರೇಜಿಗೆ ಕಂಪ್ಯೂಟರ್ ಬಂತು. ಥಂಡಿ, ತೇವ ಎಲ್ಲವನ್ನೂ ತಾನೇ ಅಳೆದು ತಾನೇ ಸರಿಪಡಿಸಿಕೊಳ್ಳುವ ಯಂತ್ರ. ಮಾಲೀಕರು ಕಾಕಾನಿಗೆ ಶಾಲು ಹೊದಿಸಿ, ಹಾವೇರಿಯ ಏಲಕ್ಕಿ ಹಾರ ಹಾಕಿ, "ಇನ್ನ ಮನ್ಯಾಗ ಆರಾಮ ಇರ್ರಿ" ಎಂದು ಕಳಿಸಿದರು. ಕಾಕಾ ಬಂದವರೇ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರು. ಒಂದು ದಿನ ಕಾಕಾನ ಹೆಂಡತಿ, ನಮ್ಮ ಚಿಗವ್ವ, ಅಳುತ್ತ ಫೋನ್ ಮಾಡಿದಳು.

"ತಮ್ಮಾ, ಇವತ್ತ ಹಾಲು ಬರೇ ನೀರಾಗಿತ್ತು. ನಿಮ್ಮ ಕಾಕಾ ಏನೂ ಅನ್ನದ ಕುಡದ್ರೋ! ನನಗ ಅಂಜಿಕಿ ಬರಾಕತ್ತೈತಿ."

ನನಗೂ ಭಯವಾಯಿತು. ಅನುಮಾನ ಬಿಟ್ಟ ಕಾಕಾ ಎಷ್ಟು ದಿನ ಉಳಿದಾರು?

ಅವರನ್ನು ಎಬ್ಬಿಸಿ ಕೂರಿಸಿದ್ದು ಒಂದು ಪತ್ರಿಕೆ. ವಿಜ್ಞಾನಿಗಳು ಮತ್ತು ಇಂಜಿನಿಯರುಗಳು ಕಂಪ್ಯೂಟರನ್ನು ಹೇಗೆ ಬಳಸಬೇಕೆಂದು ಹೇಳುವ ಇಂಗ್ಲಿಷ್ ಮಾಸಪತ್ರಿಕೆ, ಪರದೇಶದ್ದು. ಯಂತ್ರ ಕೂರಿಸಲು ಬಂದವರು ಕಾಕಾನ ವಿಳಾಸ ಬರೆದುಕೊಂಡು ಹೋಗಿದ್ದರಂತೆ. ಅದು ಪುಕ್ಕಟೆಯಾಗಿ ಬಂತು. ಸಾಲದ್ದಕ್ಕೆ ಹೆಸರಿನ ಹಿಂದೆ 'ಡಾಕ್ಟರ್' ಎಂದಿತ್ತು! ಕಾಕಾ ಚಂಗನೆ ಎದ್ದರು.

"ಪುಕ್ಕಟೆ ಯಾಕ ಕೊಡ್ತಾರ? ನಾ ಯಾವಾಗ ಡಾಕ್ಟರ್ ಆದೆ? ನಾಳೆ ಯಾರರ ಹೊಟ್ಟಿ ಹಿಡಕೊಂಡು ಬಂದ್ರ ಏನ್ ಮಾಡ್ಲಿ?"

ಕಿವಿಯ ಹತ್ತಿರ ಹಿಡಿದು ಹಿಚುಕಿದರು. ನುಣುಪು ಕಾಗದ, ಸದ್ದಿಲ್ಲ. "ನೀರು ಹೊಡದಾರ!"

ಒಳಗೆ ಚಿಗವ್ವ ದೇವರಿಗೆ ಕೈಮುಗಿದಳು.

ಅಂದಿನಿಂದ ನಮ್ಮ ಕಾಕಾ ಆ ಪತ್ರಿಕೆಯ ಕಾವಲುಗಾರ. ಅಕ್ಷರ ಬಿಡದೆ ಓದುವುದು, ಸಾಲು ಸಾಲಿಗೂ ಅನುಮಾನ ಪಡುವುದು. ಮುಖಪುಟದ ಮೇಲೆ ನಗುತ್ತಿದ್ದ ಒಬ್ಬ ವಿಜ್ಞಾನಿಯನ್ನು ತೋರಿಸಿ, "ಖರೇ ಹೇಳೋ ಮನಷ್ಯಾ ಇಷ್ಟು ಹಲ್ಲು ತೋರಸ್ತಾನೇನು?" ಎಂದರು. ಪತ್ರಿಕೆಯೂ ಫೋನೂ ಒಂದೇ ಜಾತಿ, ತಮ್ಮ ತಮ್ಮಲ್ಲೇ ಮಾತಾಡಿಕೊಂಡಾವು ಎಂದು, ಓದುವಾಗ ಮನೆಯ ಫೋನುಗಳನ್ನೆಲ್ಲ ಜೋಳದ ಡಬ್ಬಿಯಲ್ಲಿ ಹೂತಿಡುತ್ತಿದ್ದರು. ಮೇಡ್ಲೇರಿಯ ಬೀಗರು ಫೋನ್ ಮಾಡಿದಾಗ ಡಬ್ಬಿಯೇ ಹಾಡತೊಡಗಿತು. ಚಿಗವ್ವ ಮೊಣಕೈವರೆಗೆ ಜೋಳದಲ್ಲಿ ಕೈ ಹಾಕಿ ಫೋನ್ ಹುಡುಕಿ ತೆಗೆಯುವಷ್ಟರಲ್ಲಿ ಬೀಗರು ಸಿಟ್ಟಾಗಿದ್ದರು.

ಇನ್ನೊಂದು ಸಲ, ಕಾರನ್ನು ಗೋಡೆಗೆ ಗುದ್ದಿಸುವ ಪರೀಕ್ಷೆಯನ್ನು ಕಂಪ್ಯೂಟರಿನೊಳಗೇ ಮಾಡುವ ಬಗ್ಗೆ ಲೇಖನ ಬಂದಿತ್ತು. ಕಾಕಾ ಉರಿದುಬಿದ್ದರು.

"ಕಾರಿಲ್ಲ, ಗ್ವಾಡಿ ಇಲ್ಲ, ಆದ್ರೂ ಗುದ್ದಿತಂತ! ಲೆಕ್ಕದಾಗ ಗುದ್ದಿತಂತ!"

"ಕಾಕಾ, ಅದರಿಂದ ಖರ್ಚು ಉಳಿತದರಿ," ಎಂದೆ ನಾನು.

ಚಿಗವ್ವ ಅಡುಗೆಮನೆಯಿಂದಲೇ ಹೇಳಿದಳು, "ಹೌದೇನು? ಹಂಗಾರ ಇವತ್ತ ನಾನೂ ಲೆಕ್ಕದಾಗ ಅಡಗಿ ಮಾಡ್ತೇನಿ. ಲೆಕ್ಕದಾಗ ಉಂಡು ಮಕ್ಕೋರಿ!"

ಕಾಕಾ ಪತ್ರಿಕೆ ಮಡಚಿಟ್ಟು ಕೈ ತೊಳೆಯಲು ಎದ್ದರು. ಆ ಮನೆಯಲ್ಲಿ ಅವರು ಅನುಮಾನ ಪಡದೆ ನಂಬುತ್ತಿದ್ದದ್ದು ಚಿಗವ್ವನ ಬೆದರಿಕೆಯೊಂದನ್ನೇ.

ಹೀಗೆ ಸುಖವಾಗಿದ್ದಾಗ ಒಂದು ಸಂಚಿಕೆಯ ಮೊದಲ ಪುಟದಲ್ಲಿ ಪ್ರಕಟಣೆ ಬಂತು. ಇನ್ನು ಮುಂದೆ ಪತ್ರಿಕೆ ಅಚ್ಚಾಗುವುದಿಲ್ಲ, ಓದುಗರು ಕಂಪ್ಯೂಟರಿನಲ್ಲೇ ಓದಿಕೊಳ್ಳಬೇಕು. ಕಾಕಾ ಗೆದ್ದವರಂತೆ ನನಗೆ ಫೋನ್ ಮಾಡಿದರು.

"ನೋಡಿದಿ? ಪುಕ್ಕಟೆ ಯಾಕ ಕೊಟ್ರು ಅಂತ ಈಗ ತಿಳೀತು! ರುಚಿ ಹಚ್ಚಿ ಕಡೀಕ ನನ್ನ ಕೈಯಾಗ ಕಂಪ್ಯೂಟರ್ ಹಿಡಸಾಕ! ನಾ ಮುಟ್ಟೂದಿಲ್ಲ."

ಗೆದ್ದರು, ನಿಜ. ಗೆದ್ದು ಮತ್ತೆ ಗೋಡೆ ಕಡೆ ತಿರುಗಿ ಮಲಗಿದರು. ಹಾಲಿನವನು ಮತ್ತೆ ಧೈರ್ಯವಾಗಿ ನೀರು ಬೆರೆಸತೊಡಗಿದ.

ಕೆಲವು ದಿನಗಳ ಮೇಲೆ ಚಿಗವ್ವ ಪಿಸುದನಿಯಲ್ಲಿ ಫೋನ್ ಮಾಡಿದಳು. "ತಮ್ಮಾ, ಆ ಪುಸ್ತಕ ಫೋನಿನ್ಯಾಗ ಬರತೈತಂತಲ್ಲ, ನನ್ನ ಫೋನಿಗೆ ಹಾಕು."

"ಹಾಕಿ ಏನು ಮಾಡ್ತಿ ಚಿಗವ್ವಾ? ಕಾಕಾ ಅದನ್ನ ಮುಟ್ಟೂದಿಲ್ಲ."

"ನೀ ಹಾಕು. ಮುಂದಿಂದು ನನಗ ಬಿಡು."

ಹಾಕಿದೆ. ಮುಂದಿನ ಭಾನುವಾರ ಹೋದಾಗ ಕಾಕಾ ಮಂಚದ ಮೇಲೆ ನೆಟ್ಟಗೆ ಕೂತಿದ್ದರು. ಕೈಯಲ್ಲಿ ಪತ್ರಿಕೆ! ನನಗೇ ಅನುಮಾನ ಬಂತು. ಅಚ್ಚಾಗುವುದಿಲ್ಲ ಎಂದವರು ಇವರೊಬ್ಬರಿಗಾಗಿ ಅಚ್ಚು ಹಾಕಿದರೇ?

"ಕಾಕಾ, ಇದು ಹೆಂಗ ಬಂತು?"

"ನಾನೂ ಅದನ್ನ ವಿಚಾರ ಮಾಡಾಕತ್ತೇನಿ. ಕುಂದ್ರು. ಬಣ್ಣ ಹೋಗೇತಿ, ಬರೇ ಕರಿ ಬಿಳಿ. ಹಾಳಿ ನಮ್ಮ ಬಸ್‌ಸ್ಟ್ಯಾಂಡ್ ಝೆರಾಕ್ಸ್ ಅಂಗಡೀದು. ಮೂಸಿ ನೋಡು, ಪರದೇಶದ ಪುಸ್ತಕಕ್ಕ ಒಗ್ಗರಣಿ ವಾಸನಿ!"

ಪತ್ರಿಕೆಯನ್ನು ತಿರುಗಿಸಿ ಬೆನ್ನು ತೋರಿಸಿದರು. ಅಲ್ಲಿ ಪಿನ್ನು ಇರಲಿಲ್ಲ. ಕೆಂಪು ದಾರದಲ್ಲಿ ಒತ್ತೊತ್ತಾಗಿ, ಒಂದೇ ಅಳತೆಯಲ್ಲಿ ಹಾಕಿದ ಹೊಲಿಗೆ ಇತ್ತು. ಕಾಕಾನ ಕಾಲ ಮೇಲೆ ಚಿಗವ್ವ ಹಳೆಯ ಸೀರೆಗಳನ್ನು ಸೇರಿಸಿ ಹೊಲಿದ ಕೌದಿ ಇತ್ತು. ಅದರ ಅಂಚಿಗೂ ಅದೇ ದಾರ, ಅದೇ ಹೊಲಿಗೆ.

"ಪರದೇಶದ ಮಂದಿ ಕೌದಿ ಹೊಲ್ಯಾಕ ಯಾವಾಗ ಕಲ್ತರಪಾ?" ಎಂದರು ಕಾಕಾ, ದೊಡ್ಡ ದನಿಯಲ್ಲಿ.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತುಹೋಯಿತು.

ಲಗ್ನಪತ್ರಿಕೆಯನ್ನೂ ಬಿಡದ ಮನುಷ್ಯ ಇವರು! ಈಗ "ನೀರು ಹೊಡದಾರ" ಎಂದುಬಿಟ್ಟರೆ ಒಳಗಿರುವವಳ ಗತಿ ಏನು? ಕಾಕಾ ಅಡುಗೆಮನೆಯ ಬಾಗಿಲ ಕಡೆ ನೋಡಿದರು. ಆಮೇಲೆ ಪತ್ರಿಕೆಯನ್ನು ಎತ್ತಿ ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಮೆಲ್ಲಗೆ ಹಿಚುಕಿದರು. ಪಕ್ಕದಲ್ಲೇ ಕೂತಿದ್ದ ನನಗಂತೂ ಯಾವ ಸದ್ದೂ ಕೇಳಲಿಲ್ಲ.

"ಇಲ್ಲ," ಎಂದರು, ಒಳಗೆ ಕೇಳುವ ಹಾಗೆ. "ಇದಕ್ಕ ನೀರು ಹೊಡದಿಲ್ಲ."

ಒಳಗೆ ರೊಟ್ಟಿಯ ಸಪ್ಪಳ ಮತ್ತೆ ಶುರುವಾಯಿತು.