ಗುಂಪಿಗೆ ಸೇರದ ಡಿಸ್ಕು

ಗೂಡ್ಸ್ ಗಾಡಿಯನ್ನು ಕಂಡು ಹೊಟ್ಟೆಕಿಚ್ಚು ಪಡುವ ಹೆಂಗಸು ಈ ಲೋಕದಲ್ಲಿ ನಾನೊಬ್ಬಳೇ ಇರಬೇಕು. ನಮ್ಮವರು ಎಡಕುಮೇರಿ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್, ಗಾಡಿಗೆ ಹಳಿ ಬದಲಿಸಿ ಬಾವುಟ ತೋರಿಸುವ ಕೆಲಸ. ಸಕಲೇಶಪುರದಿಂದ ಅದೇನೂ ದೂರದ ಊರಲ್ಲ. ಆದರೆ ಸುತ್ತ ಕಾಡು, ರೈಲು ಬಿಟ್ಟರೆ ನನ್ನಂಥವಳು ಹೋಗುವ ದಾರಿಯಿಲ್ಲ, ಅವರ ಮೊಬೈಲಿಗೆ ಸಿಗ್ನಲ್ ಸಿಕ್ಕಿದ ದಿನ ನಮ್ಮ ಮನೆಯಲ್ಲಿ ಹಬ್ಬ. ದುಬೈನಲ್ಲಿ ಗಂಡನಿರುವ ನನ್ನ ಗೆಳತಿ ದಿನಾ ವಿಡಿಯೋದಲ್ಲಿ ಅವನ ಮುಖ ನೋಡಿಕೊಂಡೇ ಜಗಳವಾಡುತ್ತಾಳೆ. ನನಗೆ ಆ ಭಾಗ್ಯವೂ ಇಲ್ಲ. ಸಕಲೇಶಪುರದ ನಮ್ಮ ಬಾಡಿಗೆ ಮನೆ ಹಳಿಗೆ ಹತ್ತಿರ. ಘಾಟಿ ಹತ್ತಿದ ಗೂಡ್ಸ್ ಏದುಸಿರು ಬಿಡುತ್ತ ಬಂದಾಗಲೆಲ್ಲ, ಇದಕ್ಕೆ ಇವರು ಬಾವುಟ ತೋರಿಸಿರುತ್ತಾರೆ, ಕೊನೆಯ ಡಬ್ಬಿ ದಾಟುವವರೆಗೂ ನೋಡುತ್ತ ನಿಂತಿರುತ್ತಾರೆ ಅನ್ನಿಸುತ್ತದೆ. ಗೊಬ್ಬರದ ಮೂಟೆಗಿರುವ ಯೋಗ ಕಟ್ಟಿಕೊಂಡ ಹೆಂಡತಿಗಿಲ್ಲ.

ಹಾಗೆಂದು ಅವರು ರಜೆಯ ಮೇಲೆ ಬಂದರೆ ಎಲ್ಲ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ಈ ಸಲ ಮಳೆಗಾಲವಿಡೀ ಗುಡ್ಡ ಕುಸಿಯುವ ಭಯದಲ್ಲಿ ರಜೆಯೇ ಸಿಕ್ಕಿರಲಿಲ್ಲ. ಕಾಫಿ ಹಣ್ಣಾಗುವ ಹೊತ್ತಿಗೆ ಒಂದು ಸಂಜೆ ಬಂದರು. ನಮ್ಮ ನಾಯಿ ಕರಿಯ ಗೇಟಿನಲ್ಲೇ ಅಡ್ಡ ನಿಂತು ಬೊಗಳಿತು. "ಮನೆ ಯಜಮಾನಂಗೇ ಬೊಗಳ್ತೈತಲ್ಲೇ ಇದು" ಎಂದು ಪೆಚ್ಚಾಗಿ ಒಳಗೆ ಬಂದವರು, ನನಗೆ ಚಹಾ ಮಾಡಿಕೊಡುವ ಉತ್ಸಾಹದಲ್ಲಿ ಅಡುಗೆಮನೆಗೆ ನುಗ್ಗಿದರು. ಒಲೆಯ ಮೇಲಿನ ಹಲಗೆಗೆ ಕೈ ಹಾಕಿದರೆ ಸಿಕ್ಕಿದ್ದು ಮೆಂತ್ಯ. "ಸಕ್ಕರೆ ಎಲ್ಲೈತೆ?" ಇರುವೆಗೆ ಹೆದರಿ ನಾನು ಅದನ್ನು ಕೆಳಗಿನ ಕಪಾಟಿಗೆ ಸಾಗಿಸಿ ಎಷ್ಟೋ ಕಾಲವಾಗಿತ್ತು. ಅವರು ನೆಂಟರ ಹಾಗೆ ಕೈ ಕಟ್ಟಿಕೊಂಡು ನಿಂತುಬಿಟ್ಟರು. ನನಗೆ ಅಳು ಬಂತು, ನಗು ಎಂದು ತೋರಿಸಿಕೊಂಡೆ. ಮರುದಿನ ಒಂದು ಪೂರ್ತಿ ದಿನ ನಮ್ಮದು, ಅದರ ಮರುದಿನ ಬೆಳಗಿನ ಗಾಡಿಗೆ ಅವರು ವಾಪಸು. ಆ ಒಂದು ದಿನ ಎಲ್ಲಿಗೂ ಹೋಗದೆ ಅವರ ಪಕ್ಕದಲ್ಲಿ ಸುಮ್ಮನೆ ಕೂರಬೇಕೆಂಬುದಷ್ಟೇ ನನ್ನ ಆಸೆ.

ಬೆಳಗ್ಗೆ ತಿಂಡಿಗೆ ಕೂತಿದ್ದೆವು, ಆಫೀಸಿನ ಮ್ಯಾನೇಜರ್ ಫೋನು. ನಾನು ಒಂದು ಕಾಫಿ ಕ್ಯೂರಿಂಗ್ ಆಫೀಸಿನಲ್ಲಿ ಮೂಟೆಗಳ ಲೆಕ್ಕವೆಲ್ಲ ಇರುವ ಕಂಪ್ಯೂಟರನ್ನು, ಅಂದರೆ ಯುನಿಕ್ಸ್ ಸರ್ವರನ್ನು ನೋಡಿಕೊಳ್ಳುವವಳು. "ಮೇಡಮ್, ಮಿಷನ್ ಏಳ್ತಾನೇ ಇಲ್ಲ ಕಣ್ರೀ. ಯಸಳೂರಿಂದ ಲಾರಿ ಬಂದು ನಿಂತೈತೆ. ಯಾವ ಮೂಟೆ ಯಾರದು ಅಂತ ನಾನೇನ್ ಮೂಸಿ ನೋಡ್ಲಾ?" ನಾನು ಇವರ ಮುಖ ನೋಡಿದೆ. "ಹೋಗ್ಬುಟ್ಟು ಬಾ, ನಾನೇನ್ ಓಡೋಯ್ತೀನಾ?" ಅಂದರು. ನಾಳೆ ಓಡಿಹೋಗುವವರೇ ಈ ಮಾತು ಹೇಳಿದರೆ ಯಾವ ಹೆಂಡತಿಗೆ ಸಮಾಧಾನವಾದೀತು.

ಆಫೀಸಿಗೆ ಹೋಗಿ ನೋಡಿದರೆ ಕಾಯಿಲೆ ಇಷ್ಟೇ. ಆ ಸರ್ವರಿನೊಳಗೆ ನಾಲ್ಕು ಡಿಸ್ಕುಗಳು ಸೇರಿ ಒಂದು ಗುಂಪು, ಒಂದು ಸಂಸಾರ ಅನ್ನಿ. ನಾಲ್ಕರ ಹಣೆಯಲ್ಲೂ ಗುಂಪಿನ ಗುರುತಿನ ಸಂಖ್ಯೆ ಒಂದೇ ಇರಬೇಕು. ಹಿಂದಿನ ವಾರ ಪರೀಕ್ಷೆಗೆಂದು ಒಂದು ಡಿಸ್ಕನ್ನು ಪಕ್ಕದ ಮಿಷನ್ನಿಗೆ ಹಾಕಿ ತೆಗೆದಿದ್ದೆವು. ಅದು ಅಲ್ಲಿಯ ಗುರುತು ಬರೆಸಿಕೊಂಡು ಬಂದಿತ್ತು, ಆ ಬೆಳಗ್ಗೆ ಮಿಷನ್ ಆರಿಸಿ ಎಬ್ಬಿಸುವಾಗ ಅದು ಬಯಲಾಯಿತು. ಒಳಗಿರುವುದು ಒಂದಕ್ಷರವೂ ಕೆಟ್ಟಿಲ್ಲ, ಆದರೂ ಗುಂಪು ಅದನ್ನು ನಮ್ಮದಲ್ಲ ಎನ್ನುತ್ತಿದೆ. ಪರದೆಯ ಮೇಲಿನ ಸಂದೇಶ ಓದಿದಾಗ ನನಗೆ ಕರಿಯನ ಬೊಗಳಿಕೆಯೇ ಕೇಳಿಸಿತು.

ಹೊರಗೆ ಹೋಗಿ ಬಂದ ಡಿಸ್ಕಿಗೆ ಮಾತ್ರ ಹಳೆಯ ಸಂಖ್ಯೆ ಬರೆದು ಬೇಗ ಮನೆಗೆ ಓಡುವುದು ನನ್ನ ಉಪಾಯ. ಎಷ್ಟು ತಡಕಿದರೂ ನಮ್ಮ ಯಂತ್ರದಲ್ಲಿ ಅಂಥ ಆಜ್ಞೆಯೇ ಇಲ್ಲ. ಇರುವುದು ಒಂದೇ ದಾರಿ. ಎಲ್ಲದರ ನಕಲು ತೆಗೆದಿಟ್ಟು, ಗುಂಪನ್ನು ನಿಲ್ಲಿಸಿ, ನಾಲ್ಕು ಡಿಸ್ಕುಗಳ ಹೆಸರನ್ನೂ ಒಂದೇ ಸಾಲಿನಲ್ಲಿ ಬರೆದು, ಬಲವಂತವಾಗಿ ಎಲ್ಲಕ್ಕೂ ಹೊಸ ಸಂಖ್ಯೆ ಕೊಡಬೇಕು. ಆಮೇಲೆ ಯಂತ್ರಕ್ಕೆ ಗುಂಪನ್ನು ಹೊಸದಾಗಿ ಪರಿಚಯಿಸಬೇಕು. ಇದ್ದಲ್ಲೇ ಇದ್ದ ಮೂರಕ್ಕೆ ಯಾಕೆ ಈ ಶಿಕ್ಷೆ ಎಂದು ನನಗೆ ಸಿಟ್ಟೇ ಬಂತು. ಆ ಮೂರರ ಪರವಾಗಿ ನಾನು ಮಾತಾಡುತ್ತಿದ್ದುದು ಯಾಕೆ ಎಂದು ಆಗ ಹೊಳೆಯಲಿಲ್ಲ.

"ಎಲ್ಲದರದ್ದೂ ಬದಲಾಯಿಸ್ಬೇಕು ಸಾರ್" ಅಂದೆ.

"ಬದಲಾಯ್ಸಿ ಮಾರಾಯ್ರೇ, ಆ ಲಾರಿಯವ್ನು ನನ್ನ ತಿಂದಾಕ್ಬುಡ್ತಾನೆ."

ನಕಲು ತೆಗೆಯುವುದೇ ಆಮೆಗತಿ. ನನ್ನ ಗಂಡನ ರಜೆ ಕಣ್ಣೆದುರೇ ಕರಗುವುದನ್ನು ಪರದೆಯಲ್ಲಿ ನೋಡುತ್ತ ಕೂತೆ. ಕೊನೆಗೆ ನಾಲ್ಕೂ ಒಂದೇ ಸಂಖ್ಯೆ ಹೊತ್ತು ಎದ್ದವು, ಲಾರಿ ಹೋಯಿತು, ನಾನು ಮನೆ ಸೇರುವಾಗ ಹೊತ್ತು ಮುಳುಗುತ್ತಿತ್ತು.

ಮೆಟ್ಟಿಲ ಮೇಲೆ ಇವರ ಕಾಲಿಗೆ ಒರಗಿಕೊಂಡು ಕರಿಯ ಒಣಮೀನು ಕಡಿಯುತ್ತಿತ್ತು. ನಾನು ಹತ್ತಿರ ಹೋದದ್ದೇ ತಡ, ಗುರ್ ಎಂದಿತು. "ಹೆದರ್ಬ್ಯಾಡ ಕಣೋ, ನಮ್ಮೋಳೇ" ಎಂದು ಇವರು ಅದಕ್ಕೆ ನನ್ನ ಪರಿಚಯ ಮಾಡಿಸಿದರು. ಒಳಗೆ ಹೋಗಿ ಕಪಾಟು ತೆಗೆದರೆ ಸಕ್ಕರೆ ಇಲ್ಲ. "ಎಲ್ಲಾನೂ ಮೊದ್ಲಿನಂಗೇ ಜೋಡಿಸಿವ್ನಿ ಕಣೇ" ಅಂದರು ಹೆಮ್ಮೆಯಿಂದ. ಬೈಯಲು ಬಾಯಿ ತೆರೆದವಳು ಆಫೀಸಿನ ಮೂರು ಡಿಸ್ಕುಗಳನ್ನು ನೆನೆದು ಮುಚ್ಚಿಕೊಂಡೆ. "ನಿಮ್ಮ ಜಾಗವೂ ಬೇಡ, ನನ್ನ ಜಾಗವೂ ಬೇಡ" ಎಂದು ಇಬ್ಬರೂ ಸೇರಿ ಸಕ್ಕರೆ ಡಬ್ಬಿಯನ್ನು ಹಳಿ ಕಾಣುವ ಕಿಟಕಿಯ ಕಟ್ಟೆಗೆ ತಂದಿಟ್ಟೆವು. ಅಲ್ಲೇ ನಿಂತು ಚಹಾ ಕುಡಿದೆವು. ಒಂದು ಗೂಡ್ಸ್ ಬಂತು. ಪಾಪ, ಅದು ಇವರನ್ನು ನೋಡದೆ ಬಂದಿತ್ತು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಬೆಳಗಿನ ಗಾಡಿಗೆ ಅವರು ಹೋದರು. ನಾನು ಚಹಾಕ್ಕೆ ನೀರಿಟ್ಟು ಕಪಾಟಿಗೆ ಕೈ ಹಾಕಿದೆ, ಇರಲಿಲ್ಲ. ಹಲಗೆಗೆ ಕೈ ಹಾಕಿದೆ, ಅಲ್ಲೂ ಇರಲಿಲ್ಲ. "ಸಕ್ಕರೆ ಎಲ್ಲೈತೆ?" ಎಂದು ಅಡುಗೆಮನೆಗೆಲ್ಲ ಕೇಳುವ ಹಾಗೆ ಅಂದುಬಿಟ್ಟೆ, ಥೇಟ್ ಅವರ ರಾಗದಲ್ಲೇ. ಮೂಲೆಯಲ್ಲಿ ಮಲಗಿದ್ದ ಕರಿಯ ಕಿವಿ ನಿಮಿರಿಸಿ ಎದ್ದು, ಬಾಲ ಅಲ್ಲಾಡಿಸುತ್ತ ಗೇಟಿಗೆ ಓಡಿತು. ಅದಕ್ಕೆ ರೈಲಿನ ವೇಳೆ ಗೊತ್ತಿಲ್ಲ, ಓಡಿದ್ದರಲ್ಲಿ ತಪ್ಪಿಲ್ಲ. ವೇಳಾಪಟ್ಟಿಯೆಲ್ಲ ಬಾಯಿಪಾಠವಿರುವ ನಾನೂ ಒಲೆ ಆರಿಸಿ ಅದರ ಹಿಂದೆಯೇ ಹೋಗಿ ನಿಂತೆ.