ಕಮಲಾಕ್ಷಿ ಗೆದ್ದ ಭಾನುವಾರ

ಆ ಕಥೆ ಬರೆದು ಮುಗಿಸಿದ ದಿನ ನನಗೆ ಒಂದು ಮಾತು ಖಾತ್ರಿಯಾಯಿತು. ಹೊನ್ನಾವರ ಇನ್ನು ನನ್ನನ್ನು ಹೆಚ್ಚು ದಿನ ಇಟ್ಟುಕೊಳ್ಳಲಾರದು. ಧಾರವಾಡದ ದೊಡ್ಡ ಸಾಹಿತಿಗಳು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಆಗ ನಾನು ಗುಮಾಸ್ತಿಕೆಗೆ ರಾಜೀನಾಮೆ ಕೊಡಬೇಕಾಗುತ್ತದೆ. ರಾಜೀನಾಮೆಯ ಕರಡನ್ನೂ ಬರೆದಿಟ್ಟಿದ್ದೆ!

ಅದು ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಭಟ್ಕಳ, ಹೊನ್ನಾವರ, ಕುಮಟೆಯ ಹದಿನೈದು ಮಂದಿ ಬರಹಗಾರರು ಸೇರಿ ‘ಎರಡನೇ ಭಾನುವಾರದ ಬಳಗ’ ಎಂದು ಕಟ್ಟಿಕೊಂಡಿದ್ದೆವು. ತಿಂಗಳ ಎರಡನೇ ಭಾನುವಾರ ಒಂದೊಂದು ಊರಿನಲ್ಲಿ ಸೇರುವುದು, ಬರೆದದ್ದನ್ನು ಓದುವುದು, ಅವಲಕ್ಕಿ ತಿನ್ನುವುದು. ಓದುವಾಗ ಕೆಲವರು ಎದ್ದು ಹೋಗುತ್ತಿದ್ದರು. ಅವಲಕ್ಕಿಯ ಹೊತ್ತಿಗೆ ಯಾರೂ ಏಳುತ್ತಿರಲಿಲ್ಲ. ಅಧ್ಯಕ್ಷರು ಕುಮಟೆಯ ಪೈ ಮಾಸ್ತರು, ನಿವೃತ್ತ ಹೆಡ್‌ಮಾಸ್ತರರು. ಭಟ್ಕಳದಿಂದ ಬಟ್ಟೆ ಅಂಗಡಿಯ ಇಸ್ಮಾಯಿಲ್ ಸಾಹೇಬರು ಬರುತ್ತಿದ್ದರು. ಅವರದು ಮನೆಯಲ್ಲಿ ನವಾಯತಿ, ಅಂಗಡಿಯಲ್ಲಿ ಉರ್ದು, ಕವಿತೆ ಮಾತ್ರ ಕನ್ನಡದಲ್ಲಿ.

ಆ ವರ್ಷ ಬಳಗದಿಂದ ಒಂದು ಪುಸ್ತಕ ಅಚ್ಚು ಹಾಕಿಸುವುದೆಂದು ತೀರ್ಮಾನವಾಯಿತು. ಒಂದು ತಾಲ್ಲೂಕಿನಿಂದ ಒಂದೇ ಕಥೆ. ಹೊನ್ನಾವರದ ಕಥೆ ಯಾವುದೆಂದು ಕರ್ಕಿಯ ಸಭೆಯಲ್ಲಿ ನಿರ್ಧಾರ. ಹತ್ತು ವರ್ಷದಿಂದ ಬರೆಯುತ್ತಿದ್ದ ನನ್ನ ಹೆಸರು ಅಚ್ಚಿನಲ್ಲಿ ಬಂದದ್ದು ಒಂದೇ ಸಲ. ಅದೂ ಮತದಾರರ ಪಟ್ಟಿಯಲ್ಲಿ, ತಂದೆಯ ಹೆಸರು ತಪ್ಪಾಗಿ! ಹಾಗಾಗಿ ಈ ಪುಸ್ತಕ ನನಗೆ ಸಾವು ಬದುಕಿನ ಪ್ರಶ್ನೆಯಾಗಿತ್ತು.

ಕಥೆಯ ಹೆಸರು ‘ಮೌನಯೋಗಿಯ ಸಂಸಾರ’. ನಾಯಕ ರಘುನಂದನ, ಮಹಾ ಸಾಹಿತಿ, ಸಾಧು, ಮಿತಭಾಷಿ. ಅವನ ಹೆಂಡತಿ ಕಮಲಾಕ್ಷಿ. ರಘುನಂದನನಿಗೆ ಸ್ಫೂರ್ತಿ ಬರುವುದಕ್ಕೂ ಕಮಲಾಕ್ಷಿ ಬಾಗಿಲಲ್ಲಿ ನಿಂತು ‘ಸೀಮೆಎಣ್ಣೆ ಮುಗಿದಿದೆ’ ಎನ್ನುವುದಕ್ಕೂ ಸರಿಹೋಗುತ್ತಿತ್ತು. ಅವನ ಅಮೂಲ್ಯ ಹಸ್ತಪ್ರತಿಯನ್ನು ಅವಳು ಹಾಲಿನ ಪಾತ್ರೆಗೆ ಮುಚ್ಚುತ್ತಿದ್ದಳು. ‘ಅಕ್ಷರದ ಗಂಧವಿಲ್ಲದವಳ ಕೈ ಹಿಡಿದ ಮಹಾಕವಿ’ ಎಂಬ ಸಾಲನ್ನು ಬರೆದಾಗ ನನಗೇ ಕಣ್ಣೀರು ಬಂತು.

ಬುದ್ಧಿವಂತ ಓದುಗರು ಈಗಾಗಲೇ ಊಹಿಸಿರಬಹುದು. ನಮ್ಮ ಮನೆಯಲ್ಲೂ ಸೀಮೆಎಣ್ಣೆ ಮುಗಿಯುತ್ತಿತ್ತು. ನಮ್ಮ ಮನೆಯಲ್ಲೂ ಹಾಲಿನ ಪಾತ್ರೆ ಇತ್ತು.

ನನ್ನ ಹೆಂಡತಿ ಶಾರದೆಯ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ನನ್ನ ಅಕ್ಷರ ಓದಬಲ್ಲ ಜೀವ ಭೂಮಿಯ ಮೇಲೆ ಅವಳೊಬ್ಬಳೇ. ಕಚೇರಿಯಲ್ಲಿ ನಾನು ಬರೆದ ಟಿಪ್ಪಣಿಯನ್ನು ನಮ್ಮ ಸಾಹೇಬರು ಓದಲಾರದೆ ಮಂಜೂರು ಮಾಡಿಬಿಡುತ್ತಿದ್ದರು. ನನ್ನ ಪ್ರತಿಯೊಂದು ಕಥೆಯನ್ನೂ ಶಾರದೆಯೇ ಮುತ್ತಿನಂಥ ಅಕ್ಷರದಲ್ಲಿ ನಕಲು ಮಾಡಿ ಕೊಡುತ್ತಿದ್ದಳು. ಈ ಕಥೆಯನ್ನು ಮಾತ್ರ ಅವಳಿಗೆ ಕೊಡುವ ಧೈರ್ಯವಾಗಲಿಲ್ಲ. ನಾನೇ ಬರೆದೆ, ಹದಿನಾರು ಪುಟ.

“ಈ ಸಲ ನಕಲು ಮಾಡುದು ಬ್ಯಾಡ್ವಾ?” ಎಂದು ಕೇಳಿದಳು.

“ಬ್ಯಾಡ. ನಿಂಗೆ ಸುಮ್ಮನೆ ತ್ರಾಸು.”

“ಎಂತ ಕಥೆ?”

“ಭಟ್ಕಳದ ಒಂದು ಮನೆದು. ನಿಂಗೆ ಪರಿಚಯ ಇಲ್ಲ.”

ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. ನಾನು ಗೋಡೆಯ ಹಲ್ಲಿ ನೋಡಿದೆ.

ನಮ್ಮ ಬಳಗದಲ್ಲಿ ಒಂದು ಪದ್ಧತಿಯಿತ್ತು. ಕಥೆಯ ಮೇಲೆ ಮಾತಾಡಲು ಒಬ್ಬರನ್ನು ಕಥೆಗಾರನೇ ಆರಿಸಿಕೊಳ್ಳಬಹುದು. ನಾನು ಬಹಳ ಯೋಚಿಸಿ ಕರ್ಕಿಯ ಮಂಜಾಚಾರ್ರನ್ನು ಆರಿಸಿದೆ. ಕಸುಬಿನಲ್ಲಿ ದೋಣಿ ಕಟ್ಟುವವರು, ಹೆಸರು ಮಾಡಿದ್ದು ತಾಳಮದ್ದಳೆಯಲ್ಲಿ. ವೇಷ, ಕುಣಿತ ಏನೂ ಇಲ್ಲದೆ ಕೂತಲ್ಲೇ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ವಾದ ಮಾಡುವ ಆಟ ಅದು; ಆ ಮಾತಿಗೇ ‘ಅರ್ಥ’ ಎನ್ನುವುದು. ಮಂಜಾಚಾರ್ರು ಯಾವ ಪಾತ್ರ ಹಿಡಿದರೂ ಆ ಪಾತ್ರವೇ ಸರಿ ಎಂದು ಸಭೆಗೆ ಅನಿಸಬೇಕು. ಅವರು ರಾವಣನಾದ ದಿನ ಸೀತೆಯ ಮೇಲೆ ಸಿಟ್ಟು ಬಂದು ಮನೆಗೆ ಹೋದವರಿದ್ದಾರೆ! ಇಂಥ ನಾಲಿಗೆ ನನ್ನ ಕಥೆಯ ಪರವಾಗಿ ನಿಂತರೆ ಇನ್ನೇನು ಬೇಕು?

ಹೊಳೆದಂಡೆಯ ಅವರ ಚಪ್ಪರಕ್ಕೆ ಹೋದೆ. ಅರ್ಧ ಕಟ್ಟಿದ ದೋಣಿಯೊಳಗಿಂದ ಎದ್ದು ಬಂದು, ಕೈ ಒರೆಸಿಕೊಂಡು, ಹಸ್ತಪ್ರತಿ ತೆಗೆದುಕೊಂಡರು. ನೇರವಾಗಿ ಹಿಡಿದು ನೋಡಿದರು. ಓರೆಯಾಗಿ ಹಿಡಿದು ನೋಡಿದರು.

“ಇದು ಕನ್ನಡ ಅಲ್ದಾ ಮಾರಾಯ್ರೆ?”

“ನಿಧಾನಕ್ಕೆ ಓದಿದ್ರೆ ಬರ್ತದೆ ಆಚಾರ್ರೆ.”

“ಆತು. ನಂಗೆ ಯಾವ ಪಾತ್ರ?”

ನಾನು ಉದಾರಿಯಾಗಿದ್ದೆ. “ನಿಮಗೆ ಬೇಕಾದ್ದು ತಕ್ಕಳಿ” ಎಂದೆ.

“ಎದುರು ಪಾತ್ರಕ್ಕೆ ಯಾರು?”

“ನಾನೇ ಇದ್ದೇನಲ್ಲ!” ಎಂದು ಜೋರಾಗಿ ನಕ್ಕೆ. ಆಚಾರ್ರು ನಗಲಿಲ್ಲ. ಅರ್ಥ ಹೇಳುವವರು ಇಂಥ ಮಾತನ್ನು ತಮಾಷೆಯೆಂದು ತಿಳಿಯುವುದಿಲ್ಲ. ಯಕ್ಷಗಾನದ ಚೆಂಡೆ ಕೇಳುತ್ತ ಬೆಳೆದ ನನಗೆ ಇದು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಸಿಳ್ಳೆ ಹಾಕುತ್ತ ಮನೆಗೆ ಬಂದೆ.

ಸಭೆಯ ದಿನ ಬೆಳಿಗ್ಗೆ ಶಾರದೆ ಜರಿಯಂಚಿನ ಸೀರೆ ಉಟ್ಟು ನಿಂತಿದ್ದಳು.

“ಎಲ್ಲಿಗೆ?”

“ಕರ್ಕಿಗೆ. ಹತ್ತು ವರ್ಷ ನಕಲು ಮಾಡಿದೆ, ಒಂದಿನ ಕೇಳುದು ಬ್ಯಾಡ್ವಾ?”

“ಬಸ್ಸು ರಶ್ಶು. ಬಿಸಿಲು. ನಿಂಗೆ ತಲೆನೋವು ಬರ್ತದೆ.”

“ಬಂದ್ರೆ ಬರ್ಲಿ” ಎಂದು ಬೀಗ ಹಾಕಿ ನನಗಿಂತ ಮೊದಲೇ ಮೆಟ್ಟಿಲಿಳಿದಳು.

ಕರ್ಕಿಯ ಶಾಲೆಯ ಕೋಣೆ ತುಂಬಿತ್ತು. ಮಂಜಾಚಾರ್ರು ಮಾತಾಡುತ್ತಾರೆಂದು ಸಾಹಿತ್ಯದ ಸುದ್ದಿಗೇ ಬಾರದ ದೋಣಿಯವರೂ ಮೀನು ಮಾರುವ ಹೆಂಗಸರೂ ಬಂದು ಕೂತಿದ್ದರು. ಆಚಾರ್ರು ಹಸ್ತಪ್ರತಿ ವಾಪಸು ಕೊಟ್ಟರು. ನಾನು ಕೆಮ್ಮಿ, ಕನ್ನಡಕ ಸರಿಮಾಡಿ ಓದಲು ಶುರುಮಾಡಿದೆ. ಎರಡನೇ ಪುಟದಲ್ಲಿ ನನ್ನ ಅಕ್ಷರ ನನಗೇ ಓದಲಾಗಲಿಲ್ಲ. “ಅವಳ… ಅವಳ…” ಎಂದು ತಡವರಿಸಿದೆ.

“ಕರ್ಕಶ ಕಂಠ” ಎಂದು ಹೆಂಗಸರ ಕಡೆಯಿಂದ ಶಾರದೆ ಮೆಲ್ಲಗೆ ಹೇಳಿಕೊಟ್ಟಳು.

“ಹಾಂ, ಕರ್ಕಶ ಕಂಠ!” ಎಂದು ಮುಂದೆ ಓದಿದೆ. ಇದು ಅವಳಿಗೆ ಹೇಗೆ ಗೊತ್ತಾಯಿತು ಎಂದು ಯೋಚಿಸುವಷ್ಟು ವ್ಯವಧಾನ ಆಗ ನನಗಿರಲಿಲ್ಲ. ಮುಂದಿನದೇ ಕಣ್ಣೀರಿನ ಸಾಲಾಗಿತ್ತು.

ಓದು ಮುಗಿಯಿತು. ಇಸ್ಮಾಯಿಲ್ ಸಾಹೇಬರು ಚಪ್ಪಾಳೆ ತಟ್ಟಿದರು. ಮಂಜಾಚಾರ್ರು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಶಲ್ಯ ಹೊದ್ದು, ಕಣ್ಣು ಮುಚ್ಚಿದರು. ನನ್ನ ಎದೆ ಉಬ್ಬಿತು.

“ಸಭೆಗೆ ಶರಣು” ಎಂದರು ಆಚಾರ್ರು. “ನಾನು ಕಮಲಾಕ್ಷಿ.”

ನನ್ನ ಎದೆ ಇಳಿಯಿತು.

“ಪ್ರಾಣನಾಥಾ, ತಾವು ಮೌನಯೋಗಿಗಳೆಂದು ಈಗತಾನೇ ಕೇಳಿ ಧನ್ಯಳಾದೆ. ಒಂದು ಸಂದೇಹ. ಆ ಮೌನ ಆರಂಭವಾಗುವುದು ಸೀಮೆಎಣ್ಣೆಯ ಡಬ್ಬಿ ಕಂಡಮೇಲೋ, ಅದಕ್ಕೂ ಮೊದಲೋ?”

ಸಭೆ ಗೊಳ್ಳೆಂದಿತು. ನಾನು ಅಧ್ಯಕ್ಷರ ಕಡೆ ತಿರುಗಿ, “ಮಾಸ್ತರೆ, ಇದು ವಿಮರ್ಶೆ ಅಲ್ಲ” ಎಂದೆ.

“ಎದುರು ಪಾತ್ರ ನಿಮ್ಮದೇ ಅಂತೆ. ಪಾತ್ರದಲ್ಲೇ ಉತ್ತರ ಕೊಡಿ” ಎಂದರು ಪೈ ಮಾಸ್ತರು. ಅವರೂ ಮುಂದೆ ಬಾಗಿ ಕೂತಿದ್ದರು. ಉತ್ತರ ಕೊಡದಿದ್ದರೆ ಸೋತಂತೆ ಎಂಬುದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು.

“ಪ್ರಿಯೆ,” ಎಂದೆ, “ಸೃಷ್ಟಿಯ ಕ್ಷಣದಲ್ಲಿ ಕವಿಗೆ ಲೋಕದ ಪರಿವೆ ಇರುವುದಿಲ್ಲ.”

“ಒಪ್ಪಿದೆ ಸ್ವಾಮಿ. ಲೋಕದ ಪರಿವೆ ಇಲ್ಲದವರಿಗೆ ಊಟದ ಪರಿವೆ ಹೇಗೆ ಉಳಿಯಿತು? ಒಂದು ಗಂಟೆಗೆ ಸರಿಯಾಗಿ ಮಣೆಯ ಮೇಲೆ ಕೂತು ‘ಸಾರಿಗೆ ಉಪ್ಪು ಕಮ್ಮಿ’ ಎಂದವರು ಕವಿಗಳೋ, ಬೇರೆ ಯಾರೋ?”

ಮೀನಿನ ಹೆಂಗಸೊಬ್ಬಳು “ಹಾಂಗೆ ಕೇಳಿ!” ಎಂದು ಕೂಗಿದಳು. ವಾದದ ದಿಕ್ಕು ಬದಲಿಸಬೇಕೆಂದು ಹಾಲಿನ ಪಾತ್ರೆ ಹಿಡಿದೆ.

“ನನ್ನ ಹಸ್ತಪ್ರತಿಯನ್ನು ಹಾಲಿಗೆ ಮುಚ್ಚಿದವಳು ನೀನಲ್ಲವೇ?”

“ಹೌದು, ನಾನೇ. ಅದು ಯಾವ ಪ್ರತಿ ಸ್ವಾಮಿ? ತಮ್ಮ ಅಕ್ಷರ ಬ್ರಹ್ಮನಿಗೂ ಓದಲಾಗದೆಂದು ನಾನು ಕಣ್ಣು ನೋಯಿಸಿಕೊಂಡು ನಕಲು ಮಾಡಿ ಕೊಟ್ಟ ಮೇಲೆ ಉಳಿದ ಕರಡು! ಹತ್ತು ವರ್ಷದ ಕಥೆಗಳು ಯಾರ ಅಕ್ಷರದಲ್ಲಿವೆ ಎಂದು ಈ ಸಭೆಗೆ ಹೇಳಿದ್ದೀರಾ?”

“ಇದು ಕಥೆಯಲ್ಲಿ ಇಲ್ಲ!” ಎಂದು ನಾನು ಪಾತ್ರ ಬಿಟ್ಟು ಚೀರಿದೆ.

“ಕಥೆಯಲ್ಲಿ ಇಲ್ಲ. ಮನೆಯಲ್ಲಿ ಇದೆ” ಎಂದರು ಆಚಾರ್ರು.

ಇಸ್ಮಾಯಿಲ್ ಸಾಹೇಬರು ಈಗ ಆಚಾರ್ರಿಗೆ “ವಾಹ್, ವಾಹ್” ಎನ್ನುತ್ತಿದ್ದರು. ಹೆಂಗಸರ ಕಡೆ ನೋಡುವ ಧೈರ್ಯ ನನಗಿರಲಿಲ್ಲ. ಇಲ್ಲಿಗೆ ಕೈಮುಗಿದು ಕೂತಿದ್ದರೆ ಅಷ್ಟಿಷ್ಟು ಮಾನ ಉಳಿಯುತ್ತಿತ್ತು. ನಾನು ಮಾತ್ರ ಎದ್ದು ನಿಂತೆ. ಎದೆಯ ಮೇಲೆ ಕೈಯಿಟ್ಟು ಹೇಳಿದೆ: “ಕಮಲಾಕ್ಷಿ, ಇಷ್ಟಾದರೂ ನಾನು ಒಂದು ದಿನವಾದರೂ ನಿನ್ನನ್ನು ಬೈದದ್ದುಂಟೇ?”

ಆಚಾರ್ರು ಕಣ್ಣು ತೆರೆದರು. ದನಿ ತಗ್ಗಿಸಿದರು.

“ಇಲ್ಲ ಸ್ವಾಮಿ, ಬೈಯಲಿಲ್ಲ. ಹದಿನಾರು ಪುಟ ಬರೆದು ಮೂರು ತಾಲ್ಲೂಕಿನವರಿಗೆ ಓದಿ ಹೇಳಿದಿರಿ. ಅಡಿಗೆಮನೆಯಲ್ಲಿ ನಿಂತು ಬೈದಿದ್ದರೆ ನಾನೊಬ್ಬಳೇ ಕೇಳುತ್ತಿದ್ದೆ.”

ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು. ನಿಂತ ನಾನು ಕೂರಲೂ ತಿಳಿಯದೆ ನಿಂತೇ ಇದ್ದೆ. ಆ ಹೊತ್ತಿನ ನಾಚಿಕೆಯನ್ನು ಇಷ್ಟು ವರ್ಷದ ಮೇಲೆ ಬರೆಯುವಾಗಲೂ ಕಿವಿ ಬಿಸಿಯಾಗುತ್ತಿದೆ.

ಪೈ ಮಾಸ್ತರು ತೀರ್ಪು ಹೇಳಿದರು. “ಹೊನ್ನಾವರದ ಕಥೆ ಇದೇ. ಒಂದು ಷರತ್ತು. ಆಚಾರ್ರ ಅರ್ಥವನ್ನೂ ಕಥೆಯ ಕಡೆಗೆ ಸೇರಿಸಬೇಕು. ಅದಿಲ್ಲದಿದ್ರೆ ಕಥೆ ಅರ್ಧ ಆಗ್ತದೆ.” ಹತ್ತು ವರ್ಷ ಕಾದ ಗಳಿಗೆ ಬಂದಿತ್ತು. ಅವಲಕ್ಕಿಯ ಹೊತ್ತಿಗೆ ಮೊದಲ ಸಲ ನಾನು ಎದ್ದು ಹೋದೆ.

ಹೊರಗೆ ಆಚಾರ್ರನ್ನು ಹಿಡಿದು ನಿಲ್ಲಿಸಿದೆ. “ನಮ್ಮ ಮನೆ ಸುದ್ದಿ ನಿಮಗೆ ಹೇಳಿದ್ದು ಯಾರು?”

“ನಿಮ್ಮ ಅಕ್ಷರ ಓದಿ ನಂಗೆ ತಲೆ ತಿರುಗ್ತು ಮಾರಾಯ್ರೆ. ಕೇಳುವ ಅಂತ ಮಂಗಳವಾರ ಮನೆಗೆ ಬಂದಿದ್ದೆ. ನೀವು ಕಚೇರಿಗೆ ಹೋಗಿದ್ರಿ. ಅಮ್ಮ ಓದಿ ಹೇಳಿದ್ರು.”

“ಪೂರ್ತಿ?”

“ಪೂರ್ತಿ. ನಡುನಡುವೆ ನಾ ಕೇಳ್ದೆ, ಅವರು ಹೇಳಿದ್ರು. ಆ ‘ಅಕ್ಷರದ ಗಂಧ’ ಅಂಬಲ್ಲಿ ಮಾತ್ರ ನಿಲ್ಲಿಸಿ, ‘ಕುಡೂಕೆ ಎಂತಾದ್ರೂ ಕೊಡ್ಲಾ’ ಕೇಳಿದ್ರು. ಒಳಗೆ ಹೋಗಿ ಬೆಲ್ಲ ನೀರು ತಂದು ಕೊಟ್ರು. ಮತ್ತೆ ಅದೇ ಸಾಲಿಂದ ಓದಿದ್ರು.”

ಬರೆಯುವಾಗ ನಾನು ಕಣ್ಣೀರಿಟ್ಟ ಆ ಸಾಲಿಗೆ ಅವಳು ಒಳಗೆ ಹೋಗಿ ಏನು ಮಾಡಿದಳೋ ನಾನು ಇವತ್ತಿಗೂ ಕೇಳಿಲ್ಲ. ಕೇಳುವ ಮುಖ ನನಗಿಲ್ಲ.

ಬಸ್ಸಿನಲ್ಲಿ ಶಾರದೆ ಕಿಟಕಿ ಪಕ್ಕ ಕೂತಳು. ಟಿಕೆಟನ್ನು ಮಡಿಚುತ್ತ ನಾನು, “ಬೇಜಾರಾತಾ?” ಎಂದೆ.

“ನಂಗೆ ಎಂತಕ್ಕೆ ಬೇಜಾರು? ಅದು ಭಟ್ಕಳದ ಮನೆದಲ್ದಾ?”

ಮನೆ ತಲುಪಿದ್ದೇ ನಾನು ಸೀಮೆಎಣ್ಣೆ ಡಬ್ಬಿ ಎತ್ತಿಕೊಂಡು ರೇಶನ್ ಅಂಗಡಿಗೆ ಓಡಿದೆ. ಪಶ್ಚಾತ್ತಾಪವೇನೋ ನಿಜವೇ. ಆದರೆ ಅವತ್ತು ಭಾನುವಾರ! ಮುಚ್ಚಿದ ಬಾಗಿಲಿನ ಮುಂದೆ ಡಬ್ಬಿ ಹಿಡಿದು ನಿಂತ ನನ್ನನ್ನು ಕರ್ಕಿಯಿಂದ ವಾಪಸು ಹೋಗುತ್ತಿದ್ದ ಬಳಗದ ಭಟ್ಕಳದವರೆಲ್ಲ ಬಸ್ಸಿನಿಂದಲೇ ನೋಡಿದರು. ಇಸ್ಮಾಯಿಲ್ ಸಾಹೇಬರು ಕೈಬೀಸಿದರು.

ಒಂದು ವಾರದೊಳಗೆ ಶಾರದೆ ಪ್ರೆಸ್ಸಿಗೆಂದು ಪೂರ್ತಿ ಕಥೆಯನ್ನು, ಆಚಾರ್ರ ಅರ್ಥದ ಸಮೇತ, ನಕಲು ಮಾಡಿ ಮೇಜಿನ ಮೇಲಿಟ್ಟಳು. ತಿರುವಿ ನೋಡಿದೆ. ‘ಅಕ್ಷರದ ಗಂಧವಿಲ್ಲದವಳು’ ಇದ್ದಲ್ಲೇ ಇತ್ತು, ಅದೇ ಮುತ್ತಿನಂಥ ಅಕ್ಷರದಲ್ಲಿ.

“ಈ ಸಾಲು ಬಿಡ್ಲಾಗಿತ್ತು ನೀನು” ಎಂದೆ.

“ನೀವು ಬರೆದದ್ದು ನಾ ತಿದ್ದುದಿಲ್ಲ. ನಕಲು ಮಾಡುದಷ್ಟೇ.”

ಆ ಸಾಲನ್ನು ನಾನೇ ಹೊಡೆದುಹಾಕಿದೆ. ಅಷ್ಟಕ್ಕೇ ಮನಸ್ಸು ತಡೆಯಲಿಲ್ಲ. ಕೊನೆಯ ಪುಟದ ಕೆಳಗೆ ನನ್ನ ಕೈಯಾರೆ ಬರೆದೆ: ‘ಹತ್ತು ವರ್ಷದಿಂದ ನನ್ನ ಎಲ್ಲ ಕಥೆಗಳನ್ನೂ ಓದುವಂತೆ ಮಾಡಿದವಳು ನನ್ನ ಹೆಂಡತಿ ಶಾರದೆ. ಈ ಕಥೆ ಅವಳಿಗೆ.’ ಅವಳಿಗೆ ಹೇಳಲಿಲ್ಲ. ಅಚ್ಚಿನಲ್ಲಿ ನೋಡಿ ಬೆರಗಾಗಲಿ ಎಂದು ಗುಟ್ಟಾಗಿಟ್ಟೆ.

ಪುಸ್ತಕ ಬಂತು. ಕಥೆ ಇತ್ತು. ಆಚಾರ್ರ ಅರ್ಥ ಇತ್ತು. ನನ್ನ ಹೆಸರು, ತಂದೆಯ ಹೆಸರು ಸಮೇತ, ಎರಡು ಕಡೆ ಇತ್ತು. ಕೊನೆಯ ಸಾಲು ಮಾತ್ರ ಇರಲಿಲ್ಲ. ಪ್ರೆಸ್ಸಿಗೆ ಓಡಿ ಕೇಳಿದೆ. ಅಚ್ಚಿನ ಮೊಳೆ ಜೋಡಿಸುವವರು ಹಸ್ತಪ್ರತಿ ತೆಗೆದು ನನ್ನ ಮುಂದೆ ಹಿಡಿದರು.

“ಎಲ್ಲ ಚೊಲೋ ಇತ್ತು ರಾಯರೆ. ಕಡೆಗೆ ಯಾರೋ ಪೆನ್ನು ಬರ್ತದಾ ನೋಡೂಕೆ ಗೀಚಿದ ಹಾಂಗಿತ್ತು. ಬಿಟ್ಟೆ.”

ಮನೆಗೆ ಬಂದು ಪುಸ್ತಕವನ್ನು ಶಾರದೆಯ ಕೈಗಿಟ್ಟೆ. ಅವಳು ನಿಧಾನವಾಗಿ ಪುಟ ತಿರುವಿದಳು. “ನಿಮ್ಮ ತಂದೆ ಹೆಸರು ಈ ಸಲ ಸರಿ ಬಂತು” ಎಂದಳು. ನಾನು ಬರೆದು ಬಿಟ್ಟುಹೋದ ಸಾಲಿನ ವಿಷಯ ಹೇಳಬೇಕೆಂದು ಬಾಯಿ ತೆರೆದೆ. ಯಾವ ಮುಖದಿಂದ ಹೇಳಲಿ? ಸೀಮೆಎಣ್ಣೆ ಡಬ್ಬಿ ಎಲ್ಲಿದೆ ಎಂದು ಕೇಳಿದೆ.

ಧಾರವಾಡದಿಂದ ಇನ್ನೂ ಯಾರೂ ಬಂದಿಲ್ಲ. ಬಂದರೆ ಸೀಮೆಎಣ್ಣೆಯ ಸರತಿಯಲ್ಲಿ ಹುಡುಕಲಿ.