ಚಿಕ್ಕಮ್ಮ, ರಾಕ್ಷಸರು ಮತ್ತು ಕೊತ್ತಗೆರೆಯವನ ರೆಕ್ಕೆ

ಗುಬ್ಬಿಯ ಅರ್ಧಕ್ಕರ್ಧ ಹೆಂಗಸರ ಬ್ಲೌಸಿನ ಅಳತೆಯನ್ನು ಬಾಯಿಪಾಠ ಮಾಡಿಕೊಂಡಿರುವ ನಮ್ಮ ಚಿಕ್ಕಮ್ಮ ಪ್ರತಿದಿನ ಸಂಜೆ ಕಾಫಿ ಕುಡಿದ ಮೇಲೆ ರಾಕ್ಷಸ ಸಂಹಾರ ಮಾಡುತ್ತಾಳೆ ಎಂದರೆ ನೀವು ನಂಬಲಿಕ್ಕಿಲ್ಲ. ನಂಬಬೇಡಿ, ನನಗೇನೂ ಬೇಸರವಿಲ್ಲ. ಆದರೆ ಒಂದು ಸಂಜೆ ಅವಳ ಟೈಲರಿಂಗ್ ಅಂಗಡಿಗೆ ಹೋಗಿ ನೋಡಿ. ಹೊಲಿಗೆ ಮಿಷನ್ನಿಗೆ ಟ್ಯಾಬ್ಲೆಟ್ ಒರಗಿಸಿಕೊಂಡು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಕೊರಳಲ್ಲಿ ಅಳತೆ ಟೇಪು ನೇತು ಹಾಕಿಕೊಂಡೇ, "ಹಿಂದಕ್ಕೆ ಬನ್ರೋ, ಅವ್ನು ಬೆಂಕಿ ಉಗುಳ್ತಾನೆ" ಎಂದು ಕಾಣದ ಯಾರಿಗೋ ಹೇಳುತ್ತಿರುತ್ತಾಳೆ. ಎದುರಿನ ಸ್ಟೂಲಿನ ಮೇಲೆ ಗಿರಾಕಿಯೊಬ್ಬಳು, ಆ ರಾಕ್ಷಸ ಬೇಗ ಸತ್ತರೆ ತನ್ನ ಸೀರೆಗೆ ಫಾಲ್ ಹಾಕಿಸಿಕೊಂಡು ಹೋಗಬಹುದಲ್ಲ ಎಂದು ಕಾಯುತ್ತಾ ಕೂತಿರುತ್ತಾಳೆ.

ಇದಕ್ಕೆಲ್ಲ ಮೂಲ ಬಚ್ಚಲುಮನೆ. ಅಲ್ಲಿ ಜಾರಿ ಬಿದ್ದು ಚಿಕ್ಕಮ್ಮನ ಪಾದದ ಮೂಳೆ ಮುರಿಯಿತು. ಕಾಲಿಗೆ ಪ್ಲಾಸ್ಟರ್ ಬಂತು, ಅಂಗಡಿಗೆ ಬೀಗ ಬಿತ್ತು. ಕೈ ಕಟ್ಟಿ ಕೂತು ಗೊತ್ತಿಲ್ಲದ ಹೆಂಗಸು ಅವಳು. ಮಂಚದ ಮೇಲೆ ಕೂತೇ ಮನೆಯ ಆಡಳಿತ ಶುರು ಮಾಡಿದಳು. ಸಹಕಾರ ಸಂಘದಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾಗಿರುವ ನಮ್ಮ ಚಿಕ್ಕಪ್ಪನಿಗೆ ಟವೆಲ್ ಮಡಚುವುದು ಹೇಗೆ, ಕೊತ್ತಂಬರಿ ಸೊಪ್ಪು ಬಿಡಿಸುವುದು ಹೇಗೆ, ಬಾಗಿಲಿಗೆ ಚಿಲಕ ಹಾಕುವುದು ಹೇಗೆ ಎಂದು ಹೊಸದಾಗಿ ಕಲಿಸತೊಡಗಿದಳು. ಚಿಕ್ಕಪ್ಪ ಮಾತೇ ಆಡದ ಮನುಷ್ಯ. ಅಂಥವರು ಒಂದು ದಿನ ತುಮಕೂರಿನ ಅಂತರಸನಹಳ್ಳಿಯಲ್ಲಿ ನಾನು ಕೆಲಸ ಮಾಡುವ ಫ್ಯಾಕ್ಟರಿಗೆ ಫೋನ್ ಮಾಡಿ, "ಏನಾರ ಮಾಡಪ್ಪ. ನನ್ ಕೈಲಿ ಆಯ್ತಿಲ್ಲ" ಎಂದರು. ಅವರಾಗಿ ನನಗೆ ಫೋನ್ ಮಾಡಿದ್ದು ಅದೇ ಮೊದಲು.

ಆ ಭಾನುವಾರವೇ ನನ್ನ ಹಳೆಯ ಟ್ಯಾಬ್ಲೆಟ್ ತೆಗೆದುಕೊಂಡು ಗುಬ್ಬಿಗೆ ಹೋದೆ. ಅದರಲ್ಲಿ ನಾನು ಆಗಾಗ ಆಡುತ್ತಿದ್ದ ಒಂದು ಆನ್‌ಲೈನ್ ಆಟವಿತ್ತು. ಎಲ್ಲೆಲ್ಲಿಯದೋ ಜನ ತಮಗೊಂದು ವೇಷ ಕಟ್ಟಿಕೊಂಡು, ಗುಂಪು ಸೇರಿ, ಕಾಡಿಗೋ ಗವಿಗೋ ಹೋಗಿ ರಾಕ್ಷಸರನ್ನು ಹೊಡೆಯುವುದು, ಗೆದ್ದರೆ ಹೊಸ ಬಟ್ಟೆ, ಹೊಸ ಆಯುಧ ಸಂಪಾದಿಸುವುದು. ಬಟ್ಟೆಯ ವಿಚಾರವಾದ್ದರಿಂದ ಚಿಕ್ಕಮ್ಮನಿಗೆ ಹಿಡಿಸಬಹುದು ಎಂದು ನನ್ನ ಲೆಕ್ಕ.

ಮೊದಲು ನಮ್ಮ ಪಾತ್ರದ ಮುಖ, ಮೈಕಟ್ಟು, ಕೂದಲು ಆರಿಸಿಕೊಳ್ಳಬೇಕು. ನಾವೆಲ್ಲ ಚಿಟಿಕೆ ಹೊಡೆಯುವಷ್ಟರಲ್ಲಿ ಆರಿಸಿ ಯುದ್ಧಕ್ಕೆ ಓಡುತ್ತೇವೆ. ಚಿಕ್ಕಮ್ಮ ಮಧ್ಯಾಹ್ನದ ಊಟವಾದ ಮೇಲೆ ಕೂತವಳು ದೇವರಿಗೆ ದೀಪ ಹಚ್ಚುವ ಹೊತ್ತಾದರೂ ಇನ್ನೂ ಸೊಂಟದಲ್ಲೇ ಇದ್ದಳು. ಆಟದವರು ಹೆಂಗಸಿಗೆ ಕೊಟ್ಟಿದ್ದ ಸೊಂಟ ಅವಳ ಒಂದು ಮುಂಗೈಯಷ್ಟಿತ್ತು. "ಇದ್ರಲ್ಲಿ ಕರುಳು ಎಲ್ಲಿ ಮಡಗವ್ರೆ?" ಎಂದು ಕೇಳಿದಳು. ಸೊಂಟವನ್ನು ಎಷ್ಟು ಹಿಗ್ಗಿಸಬಹುದೋ ಅಷ್ಟೂ ಹಿಗ್ಗಿಸಿ, ತಲೆಗೆ ಬಿಳಿ ಕೂದಲು ಹಾಕಿ, ಕೆನ್ನೆ ಇಳಿಬಿಟ್ಟು, ಇಷ್ಟಾದರೂ ಕಂಪನಿಯವರು ಅಗಲದಲ್ಲಿ ಜಿಪುಣತನ ಮಾಡಿದ್ದಾರೆ ಎಂದು ಗೊಣಗಿದಳು. ಜಗತ್ತಿನವರೆಲ್ಲ ವಯಸ್ಸು ಇಳಿಸಿಕೊಳ್ಳಲು ಹೋಗುವ ಜಾಗದಲ್ಲಿ ವಯಸ್ಸು ಏರಿಸಿಕೊಂಡವಳು ಇವಳೊಬ್ಬಳೇ ಇರಬೇಕು!

ಆಮೇಲೆ ಬಟ್ಟೆ. ಯುದ್ಧ ಮಾಡುವ ಹೆಂಗಸಿಗೆ ಆಟದಲ್ಲಿ ಕೊಟ್ಟಿದ್ದ ಉಕ್ಕಿನ ಕವಚ ಎದೆಯಲ್ಲಿ ಶುರುವಾಗಿ ಎದೆಯಲ್ಲೇ ಮುಗಿಯುತ್ತಿತ್ತು. ಚಿಕ್ಕಮ್ಮ ಕನ್ನಡಕ ಏರಿಸಿ, ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದಳು. ನಾಚಿಕೆ ಪಡುತ್ತಾಳೆ ಎಂದುಕೊಂಡೆ. ಅವಳ ಚಿಂತೆ ಬೇರೆಯೇ ಇತ್ತು. ಕಂಕುಳಲ್ಲಿ ಸಡಿಲವೇ ಬಿಟ್ಟಿಲ್ಲ, ಕತ್ತಿ ಎತ್ತಿದ ಏಟಿಗೆ ಹೊಲಿಗೆ ಬಿಡುತ್ತದೆ ಎಂದಳು. ಕೊನೆಗೆ ಗಾಯಗೊಂಡವರಿಗೆ ಮದ್ದು ಹಾಕುವ ವೈದ್ಯರಿಗೆ ಇದ್ದ ಬೂದಿ ಬಣ್ಣದ ನಿಲುವಂಗಿ ಒಪ್ಪಿಗೆಯಾಯಿತು. ತುಂಬು ತೋಳು, ಪಾದದವರೆಗೆ ಉದ್ದ, ಒಳಗೆ ಲೈನಿಂಗ್ ಬೇರೆ ಇರುವಂತಿತ್ತು. ಹೀಗೆ ನಮ್ಮ ಚಿಕ್ಕಮ್ಮ ವೈದ್ಯೆಯಾದಳು. ಕರುಣೆಯಿಂದಲ್ಲ, ತೋಳಿನಿಂದ.

ಪ್ಲಾಸ್ಟರ್ ಬಿಚ್ಚಿದರೂ ಆಟ ಬಿಡಲಿಲ್ಲ. ಕನ್ನಡ ಮಾತಾಡುವವರ ಒಂದು ತಂಡಕ್ಕೆ ಸೇರಿಕೊಂಡಿದ್ದಳು. ಅವರೆಲ್ಲ ಇಂಗ್ಲಿಷಿನಲ್ಲಿ ಭಯಂಕರವಾದ ಹೆಸರುಗಳನ್ನು ಇಟ್ಟುಕೊಂಡಿದ್ದರು. ಚಿಕ್ಕಮ್ಮನ ನಾಲಿಗೆಗೆ ಅವು ಹತ್ತಲಿಲ್ಲ. ಯಾವೂರು ಎಂದು ಕೇಳಿ, ಊರಿನ ಹೆಸರಿನಿಂದಲೇ ಕರೆಯತೊಡಗಿದಳು. ಒಬ್ಬ ಮಂಡ್ಯ, ಒಬ್ಬ ಶಿರಾ, ಒಬ್ಬ ಕುಣಿಗಲ್ ಕಡೆಯ ಕೊತ್ತಗೆರೆ. ಈ ಕೊತ್ತಗೆರೆ ತೆಂಗಿನ ತೋಟ ನೋಡಿಕೊಂಡು, ಬಿಡುವಿನಲ್ಲಿ ಆಡುತ್ತಿದ್ದ ನಡುವಯಸ್ಸಿನವನು. ಚಿಕ್ಕಮ್ಮನ ಜಗಳವೆಲ್ಲ ಇದ್ದದ್ದು ಅವನ ರೆಕ್ಕೆಯ ಮೇಲೆ.

ಈ ಆಟಗಳಲ್ಲಿ ದೊಡ್ಡ ಆಯುಧ ಸಿಕ್ಕಷ್ಟೂ ಅದು ಹೆಚ್ಚು ಹೊಳೆಯುತ್ತದೆ. ಒಬ್ಬನ ಕತ್ತಿಯಿಂದ ಮಿಂಚು, ಇನ್ನೊಬ್ಬನ ಕೊಡಲಿಯಿಂದ ಬೆಂಕಿ, ಮತ್ತೊಬ್ಬನ ಮೈಯಿಂದ ನೇರಳೆ ಹೊಗೆ. ಎಲ್ಲರೂ ಒಟ್ಟಿಗೆ ನಿಂತರೆ ಮದುವೆ ಛತ್ರಕ್ಕೆ ಹಾಕಿದ ಸೀರಿಯಲ್ ಲೈಟು ಒಮ್ಮೆಲೇ ಹುಚ್ಚು ಹಿಡಿದ ಹಾಗೆ. ಇದರ ಮೇಲೆ ಕೊತ್ತಗೆರೆಯವನ ಬೆನ್ನಿಗೆ ನವಿಲು ಬಣ್ಣದ ದೊಡ್ಡ ರೆಕ್ಕೆ. ಅದರ ಒಂದೊಂದು ಗರಿಯಿಂದಲೂ ಕಿಡಿ ಉದುರುತ್ತಿತ್ತು. ಬಹಳ ಕಷ್ಟಪಟ್ಟು ಗಳಿಸಿದ ರೆಕ್ಕೆಯಂತೆ. ಅವನು ಮುಂದೆ ನಿಂತರೆ ರಾಕ್ಷಸ, ಗುಡ್ಡ, ಆಕಾಶ ಯಾವುದೂ ಕಾಣುತ್ತಿರಲಿಲ್ಲ. ಮದ್ದು ಹಾಕುವವಳಿಗೆ ಗಾಯಾಳು ಕಾಣಬೇಡವೆ? ಒಮ್ಮೆ ಆ ಬೆಳಕಿನ ಜಾತ್ರೆಯಲ್ಲಿ ಮಂಡ್ಯದವನಿಗೆ ಹಾಕಬೇಕಾದ ಮದ್ದನ್ನು ಪಕ್ಕದ ಬಂಡೆಗೆ ಹಾಕಿಬಿಟ್ಟಳು. ಬಂಡೆ ಚೆನ್ನಾಗಿತ್ತು. ಮಂಡ್ಯದವನು ಸತ್ತ.

ನಾನು ಸೆಟ್ಟಿಂಗ್ಸ್ ಎಲ್ಲ ಜಾಲಾಡಿ, ಬೇರೆಯವರ ಆಯುಧದ ಬೆಳಕು ಕಾಣದ ಹಾಗೆ ಮಾಡುವ ಒಂದು ಗುಂಡಿ ಕಂಡುಹಿಡಿದು ಆಫ್ ಮಾಡಿದೆ. ಮಿಂಚು, ಬೆಂಕಿ, ಹೊಗೆ ಎಲ್ಲ ಮಾಯ. ಉಳಿದವರು ಜೇನು ಎದ್ದಾಗ ಕೈ ಬೀಸುವವರಂತೆ ಖಾಲಿ ಗಾಳಿಗೆ ಬೀಸುತ್ತಾ ಕುಣಿಯುವುದನ್ನು ನೋಡಿ ಚಿಕ್ಕಮ್ಮ ನಕ್ಕ ನಗುವಿಗೆ ಅವಳ ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಪಿನ್ನು ನೆಲಕ್ಕೆ ಬಿತ್ತು. ಆದರೆ ಅದರಿಂದ ದೊಡ್ಡ ಲಾಭವಾಯಿತು. ರಾಕ್ಷಸ ಎಲ್ಲಿ ಹೊಡೆಯುತ್ತಾನೋ ಆ ಜಾಗದ ನೆಲದಲ್ಲಿ ಮೊದಲೇ ಒಂದು ಕೆಂಪು ಸುತ್ತು ಮೂಡುತ್ತದೆ. ತಮ್ಮ ತಮ್ಮ ಬೆಳಕಿನಲ್ಲಿ ಮುಳುಗಿದ್ದ ಯಾರಿಗೂ ಅದು ಕಾಣುತ್ತಿರಲಿಲ್ಲ, ಇವಳಿಗೆ ಕಾಣುತ್ತಿತ್ತು. ಇವಳು ಓಡಿ ಎಂದಾಗ ಓಡಿದವರು ಬದುಕಿಕೊಂಡರು. ಸೋಲುತ್ತಲೇ ಇದ್ದ ತಂಡ ಗೆಲ್ಲತೊಡಗಿತು. ರೆಕ್ಕೆ ಮಾತ್ರ ಆ ಗುಂಡಿಗೆ ಬಗ್ಗಲಿಲ್ಲ. ಅದು ಬಟ್ಟೆಯ ಲೆಕ್ಕ, ಬೆಳಕಿನ ಲೆಕ್ಕವಲ್ಲವಂತೆ. ಹಾಗಾಗಿ ಕೊತ್ತಗೆರೆಯವನಿಗೆ ಪಕ್ಕಕ್ಕೆ ನಿಲ್ಲು ಎಂದು ಹೇಳುವುದು ತಪ್ಪಲಿಲ್ಲ.

ಕೆಲವು ತಿಂಗಳು ಹೀಗೆ ನಡೆಯಿತು. ಒಂದು ಭಾನುವಾರ ಹೋದಾಗ ಚಿಕ್ಕಮ್ಮ ಟ್ಯಾಬ್ಲೆಟ್ ನನ್ನ ಕೈಗೆ ಕೊಟ್ಟು, ಬೆಳಕು ಮತ್ತೆ ಶುರುವಾಗಿದೆ, ಆಫ್ ಮಾಡು ಎಂದಳು. ನೋಡಿದೆ, ಆಫ್ ಆಗಿಯೇ ಇತ್ತು. ಅವಳು ಒಪ್ಪಲಿಲ್ಲ. ಕತ್ತಿಗಳ ಸುತ್ತ ಕಾಮನಬಿಲ್ಲಿನ ಹಾಗೆ ಬಳೆ ಕಾಣುತ್ತದೆ, ಸಂಜೆ ಹೊತ್ತು ಜಾಸ್ತಿ, ನೋಡಿ ನೋಡಿ ಹುಬ್ಬಿನ ಮೇಲೆ ತಲೆ ಸಿಡಿಯುತ್ತದೆ ಎಂದಳು. ಆಟವನ್ನೇ ಅಳಿಸಿ ಮತ್ತೆ ಹಾಕಿಕೊಟ್ಟೆ. ಮುಂದಿನ ವಾರವೂ ಅದೇ ದೂರು. ನಾನು ಕಂಪನಿಯವರನ್ನು ಬೈದೆ, ಅವಳು ಕೊತ್ತಗೆರೆಯವನನ್ನು ಬೈದಳು. ಸರಿ, ಏನಾಗುತ್ತದೆ ನೋಡೋಣ ಎಂದು ಅಂದು ಸಂಜೆ ಅಂಗಡಿಯಲ್ಲಿ ಅವಳ ಪಕ್ಕದಲ್ಲೇ ಕೂತೆ. ಅವಳು ಇಯರ್‌ಫೋನ್ ತೆಗೆದು ಸ್ಪೀಕರ್ ಹಾಕಿದಳು. ಆಟ ಶುರುವಾಯಿತು.

"ಕೊತ್ತಗೆರೆ, ಎಷ್ಟ್ ಸಲ ಹೇಳೋದಪ್ಪ ನಿಂಗೆ? ಆ ರೆಕ್ಕೆ ತೆಗ್ದಿಡು. ಬಣ್ಣಬಣ್ಣ ಉರೀತೈತೆ, ಕಣ್ ಬುಡಕ್ಕಾಯ್ತಿಲ್ಲ" ಎಂದಳು.

ಆ ಕಡೆಯಿಂದ ಅವನು ಮೆಲ್ಲಗೆ, "ಅಕ್ಕ, ರೆಕ್ಕೆ ತೆಗ್ದು ತಿಂಗ್ಳಾಯ್ತು. ಕಾಣ್ಸಲ್ಲ ಅಂದ್ರಲ್ಲ ನೀವು, ಅದುಕ್ಕೇ ತೆಗ್ದುಬುಟ್ಟೆ" ಎಂದ.

ನಾನು ಬಗ್ಗಿ ನೋಡಿದೆ. ನಿಜ. ತಂಡದ ಮುಂದೆ ಸಾದಾ ಅಂಗಿಯ ಒಬ್ಬ ಸಣಕಲ ನಿಂತಿದ್ದ. ಬೆನ್ನ ಮೇಲೆ ಏನೂ ಇರಲಿಲ್ಲ.

"ಅಕ್ಕ, ತಪ್ಪು ತಿಳ್ಕೋಬೇಡಿ. ನಿಮ್ಮನೆ ಲೈಟ್ ನೋಡಿ ಒಂದ್ಸಲ. ಅದ್ರ ಸುತ್ತಾನೂ ಬಣ್ಣ ಕಾಣ್ತದಾ?"

ಚಿಕ್ಕಮ್ಮ ತಲೆ ಎತ್ತಿ ಬಲ್ಬು ನೋಡಿದಳು. "ಕಾಣ್ತದೆ. ಯಾಕೆ, ಎಲ್ಲಾರ್ಗೂ ಕಾಣಲ್ವಾ?" ಎಂದಳು.

ಕೊತ್ತಗೆರೆಯವನೇ ಹೇಳಿದ. ಅವನ ತಾಯಿಗೂ ಹೀಗೇ ಶುರುವಾಗಿತ್ತಂತೆ. ವಯಸ್ಸಾದವರಿಗೆ ಇದ್ದದ್ದೇ ಎಂದು ಸುಮ್ಮನಿದ್ದರಂತೆ. ಈಗ ಒಂದು ಕಣ್ಣಿಲ್ಲ. "ನಾಳೇನೇ ತೋರ್ಸಿ ಅಕ್ಕ. ಈ ರಾಕ್ಷಸ ಎಲ್ಲಿಗೂ ಓಗಲ್ಲ" ಎಂದು ಅವನೇ ಮೊದಲು ಆಟದಿಂದ ಎದ್ದುಹೋದ.

ಮರುದಿನ ರಜೆ ಹಾಕಿ, ಕಾರು ಮಾಡಿಕೊಂಡು ಚಿಕ್ಕಮ್ಮ ಚಿಕ್ಕಪ್ಪ ಇಬ್ಬರನ್ನೂ ತುಮಕೂರಿನ ಕಣ್ಣಿನ ಆಸ್ಪತ್ರೆಗೆ ಕರೆತಂದೆ. ತುಮಕೂರಿಗೆ ಬರುವಾಗ ಚಿಕ್ಕಮ್ಮ ದಾರಿಯಲ್ಲಿ ಕಂಡ ಹೆಂಗಸರ ಹೊಲಿಗೆಗೆಲ್ಲ ಮಾರ್ಕ್ಸ್ ಹಾಕುತ್ತಾ ಬರುವುದು ವಾಡಿಕೆ. ಅವತ್ತು ಕಿಟಕಿಗೆ ತಲೆ ಆನಿಸಿ ಸುಮ್ಮನೆ ಕೂತಿದ್ದಳು. ನನಗೆ ನಿಜವಾಗಿ ಭಯವಾದದ್ದು ಆಗ. ಹೊಲಿಯುವವಳಿಗೆ ಕಣ್ಣು ಹೋದರೆ ಏನು ಉಳಿಯಿತು? ಚಿಕ್ಕಪ್ಪ ಮುಂದಿನ ಸೀಟಿನಿಂದ, ಇತ್ತೀಚೆಗೆ ಸೂಜಿಗೆ ದಾರ ಪೋಣಿಸಿಕೊಡಿ ಎಂದು ನನ್ನನ್ನೇ ಕರೆಯುತ್ತಿದ್ದಳು, ಆಟದ ಸೋಮಾರಿತನ ಎಂದುಕೊಂಡಿದ್ದೆ ಎಂದರು.

ಡಾಕ್ಟರಮ್ಮ, ಬಣ್ಣದ ಬಳೆ ಯಾವುದರ ಸುತ್ತ ಕಾಣುತ್ತದೆ ಎಂದು ಕೇಳಿದರು.

"ಕತ್ತಿ ಸುತ್ತ" ಎಂದಳು ಚಿಕ್ಕಮ್ಮ.

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ, ಯಾವ ಕತ್ತಿ ಎಂದರು. "ಎಲ್ಲಾರ್ ಕತ್ತಿ ಸುತ್ತಾನೂ. ಕೊಡ್ಲಿಗೂ ಐತೆ" ಎಂದಳು. ಚಿಕ್ಕಪ್ಪ ತಮ್ಮದೇನೋ ಕುರ್ಚಿಯ ಕೆಳಗೆ ಬಿದ್ದುಹೋಗಿದೆ ಎಂಬಂತೆ ಬಗ್ಗಿ ಹುಡುಕತೊಡಗಿದರು. ನಾನೇ ಮುಂದೆ ಬಂದು ಆಟ, ವೇಷ, ಬೆಳಕು ಎಲ್ಲವನ್ನೂ ವಿವರಿಸಬೇಕಾಯಿತು.

ಪರೀಕ್ಷೆಗಳೆಲ್ಲ ಮುಗಿಯುವವರೆಗೆ ಹೊರಗಿನ ಬೆಂಚಿನ ಮೇಲೆ ನಾನೂ ಚಿಕ್ಕಪ್ಪನೂ ಕೂತಿದ್ದೆವು. ಕೊನೆಗೆ ನಮ್ಮನ್ನೂ ಒಳಗೆ ಕರೆದರು. ಕಣ್ಣಿನೊಳಗಿನ ಒತ್ತಡ ಏರಿದೆ, ಬಿಟ್ಟರೆ ಅದು ಒಳಗಿನ ನರವನ್ನೇ ತಿನ್ನುತ್ತದೆ, ಹೋದ ದೃಷ್ಟಿ ಮತ್ತೆ ಬರುವುದಿಲ್ಲ ಎಂದರು ಡಾಕ್ಟರಮ್ಮ. ಆಮೇಲೆ ಅವರು, ನರ ಇನ್ನೂ ಚೆನ್ನಾಗಿದೆ, ಇವತ್ತೇ ಲೇಸರ್ ಮಾಡುತ್ತೇವೆ, ಜೊತೆಗೆ ಪೊರೆಯೂ ಬಂದಿದೆ, ಅದನ್ನು ಸ್ವಲ್ಪ ದಿನ ಬಿಟ್ಟು ತೆಗೆಯೋಣ ಎಂದರು. "ಸರಿಯಾದ ಟೈಮಿಗೆ ಬಂದಿದೀರಿ. ಯಾರು ಕಳ್ಸಿದ್ದು?"

"ಕೊತ್ತಗೆರೆ" ಎಂದಳು ಚಿಕ್ಕಮ್ಮ.

ಕೊತ್ತಗೆರೆಯಲ್ಲಿ ಒಳ್ಳೆಯ ಕಣ್ಣಿನ ಡಾಕ್ಟರ್ ಇದ್ದಾರೆಂದು ತಿಳಿದು ಅವರಿಗೆ ಸಂತೋಷವಾದಂತೆ ಕಂಡಿತು. ನಾವು ಯಾರೂ ತಿದ್ದಲು ಹೋಗಲಿಲ್ಲ.

ಲೇಸರಿಗೆ ಕರೆದುಕೊಂಡು ಹೋದ ಮೇಲೆ ಚಿಕ್ಕಪ್ಪ ನನ್ನನ್ನು ಎದುರಿನ ಹೋಟೆಲಿಗೆ ಎಳೆದುಕೊಂಡು ಹೋದರು. ಒಂದು ಕಾಫಿ ಕುಡಿದರು. ಅದು ಮುಗಿಯುವ ಮುಂಚೆಯೇ ಇನ್ನೊಂದು ಹೇಳಿದರು. ಆಮೇಲೆ ವಡೆ. ಮಾತೇ ಆಡದ ಅವರು ಸಪ್ಲೈಯರನ್ನು ಕರೆದು, ಚಟ್ನಿ ಬಹಳ ಚೆನ್ನಾಗಿದೆ ಎಂದು ಹೇಳಿದರು. ನಾನೂ ತಿಂದೆ. ಚಟ್ನಿ ಹಳಸಿತ್ತು. ಆದರೆ ಅವತ್ತು ನನಗೂ ಚೆನ್ನಾಗಿಯೇ ಇತ್ತು.

ಚಿಕ್ಕಮ್ಮ ಹೊರಗೆ ಬಂದಾಗ ಅವಳ ಬಾಯಿ ಮೊದಲಿನ ಹಾಗಾಗಿತ್ತು. ಒಳಗೆ ಕಣ್ಣಿಗೇ ನೇರವಾಗಿ ಹಸಿರು ಮಿಂಚು ಹೊಡೆದರಂತೆ, ಇದನ್ನು ಆಫ್ ಮಾಡುವ ಗುಂಡಿ ಎಲ್ಲಿದೆ ಎಂದು ಕೇಳಿದಳಂತೆ. ಅದೇ ವಾರ ಕೊತ್ತಗೆರೆಯವನು ಬೈಕಿಗೆ ಎಳನೀರಿನ ಗೊನೆ ಕಟ್ಟಿಕೊಂಡು ಕುಣಿಗಲ್ ಕಡೆಯಿಂದ ಗುಬ್ಬಿಗೆ ಬಂದ. ಆಟದಲ್ಲಿ ಸಣಕಲನಾಗಿದ್ದವನು ನಿಜದಲ್ಲಿ ಬಾಗಿಲು ತುಂಬುವಷ್ಟು ಅಗಲವಾಗಿದ್ದ. ಚಿಕ್ಕಮ್ಮ ಅವನನ್ನು ಕೂರಿಸಿ ಊಟ ಹಾಕಿ, ಅವನ ತಾಯಿಯ ವಿಚಾರವನ್ನೆಲ್ಲ ಕೇಳಿದಳು. ಹೊರಡುವಾಗ ರೆಕ್ಕೆ ಹಾಕಿಕೋ, ಇಲ್ಲದಿದ್ದರೆ ಬೋಳು ಬೋಳಾಗಿ ಕಾಣುತ್ತೀಯ ಎಂದು ಅಪ್ಪಣೆಯನ್ನೂ ಕೊಟ್ಟಳು.

ಆಮೇಲೆ ಪೊರೆ ತೆಗೆದದ್ದೂ ಆಯಿತು. ಮೊದಲ ಕಣ್ಣಿನ ಪಟ್ಟಿ ಬಿಚ್ಚಿಸಿಕೊಂಡು ನಾವು ಮನೆಗೆ ಬಂದಾಗ ಬೆಳಗಿನ ಬಿಸಿಲು ಹಜಾರದವರೆಗೂ ಬಂದಿತ್ತು. ಅವಳು ಮೊದಲು ಅಂಗಡಿ ನೋಡುತ್ತಾಳೆ, ಇಲ್ಲವೇ ಟ್ಯಾಬ್ಲೆಟ್ ಕೇಳುತ್ತಾಳೆ ಎಂದುಕೊಂಡಿದ್ದೆ. ಅವಳು ಕಪ್ಪು ಕನ್ನಡಕ ತೆಗೆದು, ಬಾಗಿಲಲ್ಲಿ ನಿಂತಿದ್ದ ಚಿಕ್ಕಪ್ಪನ ಮುಖವನ್ನೇ ನೋಡಿದಳು. ಹತ್ತಿರ ಹೋಗಿ ಅವರ ಗದ್ದದ ಕೆಳಗೆ ಬೆರಳಾಡಿಸಿದಳು. ಅಲ್ಲಿ ಕ್ಷೌರದಲ್ಲಿ ತಪ್ಪಿಹೋಗಿದ್ದ ಬಿಳಿ ಗಡ್ಡದ ಒಂದು ಪಟ್ಟೆಯೇ ಬೆಳೆದಿತ್ತು.

"ಇದು ಎಷ್ಟ್ ದಿನದಿಂದ ಹಿಂಗೈತೆ?" ಎಂದಳು.

"ನಿಂಗೆ ಕಾಣ್ತಿರ್ಲಿಲ್ಲ" ಎಂದರು ಚಿಕ್ಕಪ್ಪ. "ನಾನೂ ಬುಟ್ಟಿದ್ದೆ."

ಚಿಕ್ಕಮ್ಮ ಅವರನ್ನು ಬಿಸಿಲಿಗೆ ಮುಖ ಮಾಡಿ ಕುರ್ಚಿಯಲ್ಲಿ ಕೂರಿಸಿ, ಸೋಪಿನ ನೊರೆ ಹಚ್ಚಿ, ರೇಜರ್ ಹಿಡಿದು, ಅಲ್ಲಾಡಬೇಡಿ ಎಂದು ಮೆಲ್ಲಗೆ ಕೆರೆಯತೊಡಗಿದಳು. ಚಿಕ್ಕಪ್ಪ ಕಣ್ಣು ಮುಚ್ಚಿಕೊಂಡು ಮಗುವಿನ ಹಾಗೆ ಕತ್ತೆತ್ತಿ ಕೂತಿದ್ದರು. ಕೆಲಸ ಮುಗಿದ ಮೇಲೂ ಅವಳು ಗದ್ದ ಬಿಡಲಿಲ್ಲ. ಆ ಮುಖವನ್ನು ಬೆಳಕಿಗೆ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಿರುಗಿಸಿಕೊಂಡು ನೋಡುತ್ತಲೇ ಇದ್ದಳು. ನಾನು ಸದ್ದಾಗದಂತೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ.